ಹೇಳಿ ಅಳುವವರು

"ಮೇಷ್ಟ್ರೇ, ಆ ತುದಿ ವಸಿ ಎತ್ತಿ ಹಿಡ್ಕಳಿ," ಎಂದು ಆವಲಪ್ಪ ಚಟ್ಟದ ಬಿದಿರಿಗೆ ಹಗ್ಗ ಸುತ್ತಿ ಗಂಟು ಬಿಗಿದ. ವೆಂಕಟರಮಣಪ್ಪನವರು ಪಂಚೆ ಎತ್ತಿ ಕಟ್ಟಿ, ಎರಡೂ ಕೈಯಿಂದ ಬಿದಿರು ಹಿಡಿದು ನಿಂತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಬಾಯೊಳಗೆ ಗೋವಿಂದನಾಮ ತನ್ನಷ್ಟಕ್ಕೆ ತಾನು ನಡೆದಿತ್ತು.

ಲಗ್ಗೆರೆಯ ಆ ವಠಾರದ ಅಂಗಳದಲ್ಲಿ, ನೀರಿನ ತೊಟ್ಟಿಯ ಪಕ್ಕ, ಚಾಪೆಯ ಮೇಲೆ ಸಿದ್ದಮ್ಮ ಮಲಗಿದ್ದಳು. ಮೇಷ್ಟರು ಹೆಡ್ ಮೇಷ್ಟರಾಗಿ ನಿವೃತ್ತರಾದ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದವಳು. ಗಂಡ ಹೋಗಿ ಮೂವತ್ತು ವರ್ಷ, ಮಕ್ಕಳಿಲ್ಲ. ಹಿಂದಿನ ದಿನ ಸಂಜೆ ಎದೆ ಹಿಡಿದುಕೊಂಡು ಕೂತವಳು, ಆಟೋ ಬರುವುದರೊಳಗೆ ಮುಗಿದುಹೋಗಿದ್ದಳು. ಆವಲಪ್ಪ ಅವಳ ಮೈದುನ. ಸುದ್ದಿ ತಿಳಿದು ಮಾಗಡಿ ಕಡೆಯ ಊರಿನಿಂದ ಮಗ ನರೇಶನ ಬೈಕಿನಲ್ಲಿ ಬಂದಿದ್ದ.

"ಅಪ್ಪಾ, ಇವತ್ತು ಬುಧವಾರ. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಎತ್ಬಿಡೋಣ," ಎಂದ ನರೇಶ.

"ಎತ್ತೋದು ಎಂಗ್ಲಾ? ಹೇಳಿ ಅಳೋರು ಯಾರವ್ರೆ?"

ಅವರ ಕಡೆ ಅದೊಂದು ಪದ್ಧತಿ. ಹೆಣ ಎತ್ತುವ ಮೊದಲು ಒಬ್ಬ ಹೆಂಗಸು ಅದರ ತಲೆಯ ಹತ್ತಿರ ಕೂತು, ಸತ್ತವರು ಯಾರಿಗೆ ಏನು ಮಾಡಿದರು, ಯಾರ ಕೈಯಲ್ಲಿ ಏನು ಪಟ್ಟರು, ಎಲ್ಲವನ್ನೂ ರಾಗ ಎಳೆದು ಹೇಳಿ ಅಳಬೇಕು. ಮಗಳು ಹೇಳಬೇಕು, ಇಲ್ಲವಾದರೆ ತಂಗಿ. ಅದರಲ್ಲಿ ಮುಚ್ಚುಮರೆಯಿಲ್ಲ, ಮುಲಾಜಿಲ್ಲ. ಯಾರ ಹೆಸರು ಬಂತೋ ಅವರು ಅಲ್ಲಿದ್ದರೆ "ಹೌದವ್ವಾ" ಅನ್ನಬೇಕು. ಅಂದ ಮೇಲೆಯೇ ಮುಂದಿನ ಮಾತು.

"ದೊಡ್ಡವ್ವನ ತಂಗಿ, ಮಾಗಡಿ ಚಿಕ್ಕವ್ವ ಇದಾರಲ್ಲಪ್ಪ?"

"ಅವಳಿಗೆ ಲಕ್ವ ಹೊಡೆದು ಬಾಯೇ ಬಿದ್ದೋಗದೆ ಕಣ್ಲಾ."

ಎದುರು ಮನೆಯ ಪದ್ಮಾವತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಮಗೆ ಅಳು ಬರುತ್ತೆ ಕಣಣ್ಣ, ಹೇಳೋಕೆ ಬರಲ್ಲ. ಈ ಬೀದೀಲಿ ಯಾರ ಮನೇಲಿ ಸಾವಾದ್ರೂ ನಿಮ್ಮತ್ತಿಗೇನೇ ಹೋಗಿ ಹೇಳ್ತಿದ್ರು. ಅವರಿದಾರಲ್ಲ ಅಂತ ನಾವ್ಯಾರೂ ಕಲೀಲೇ ಇಲ್ಲ."

"ಊರೋರ ಹೆಣಕ್ಕೆಲ್ಲ ಹೇಳಿದೋಳು. ಅವಳ್ನ ಬಾಯಿಲ್ಲದೋಳಂಗೆ ಕಳಿಸ್ಲಾ?" ಆವಲಪ್ಪ ಮೇಷ್ಟರ ಕಡೆ ತಿರುಗಿದ. "ಮೇಷ್ಟ್ರೇ, ನೀವು ಓದಿದೋರು. ಗಂಡಸಾದ್ರೂ ಚಿಂತಿಲ್ಲ, ಎರಡು ಮಾತು ಹೇಳ್ಬುಡಿ."

ವೆಂಕಟರಮಣಪ್ಪನವರು ಬಿದಿರು ಇಳಿಸಿ ಚಾಪೆಯ ಹತ್ತಿರ ಬಂದರು. ಎಷ್ಟು ಧ್ವಜಾರೋಹಣಗಳಲ್ಲಿ, ಎಷ್ಟು ಬೀಳ್ಕೊಡುಗೆಗಳಲ್ಲಿ ಮಾತಾಡಿದವರು! "ಶ್ರೀಮತಿ ಸಿದ್ದಮ್ಮನವರು ನಮ್ಮ ಶಾಲೆಯಲ್ಲಿ..." ಎಂದು ತೊಡಗಿ ನಿಂತುಬಿಟ್ಟರು. ಆ ವಾಕ್ಯಕ್ಕೂ ಕೆಳಗೆ ಮಲಗಿದ್ದವಳಿಗೂ ಯಾವ ಸಂಬಂಧವೂ ಕಾಣಲಿಲ್ಲ. ಹಿಂದಕ್ಕೆ ಸರಿದರು.

ಸರಿಯುವಾಗ ಕಣ್ಣು ಗೇಟಿನ ಕಡೆ ಹೋಯಿತು. ಪೀಣ್ಯದ ಕಾರ್ಖಾನೆಯ ನೀಲಿ ಕೋಟು ತೊಟ್ಟ, ಕೊರಳಲ್ಲಿ ಗುರುತಿನ ಚೀಟಿ ತೂಗುತ್ತಿದ್ದ ಹುಡುಗಿಯೊಬ್ಬಳು ಚಪ್ಪಲಿ ಬಿಟ್ಟು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಮಿನತಿ. ಒಡಿಶಾದವರ ಮಗಳು. ಈಗ ಇಪ್ಪತ್ತು ವರ್ಷವಿರಬೇಕು.

ಅವಳಿಗೆ ಬರುತ್ತದೆ. ಆ ಅಂಗಳದಲ್ಲಿ ಅದು ಗೊತ್ತಿದ್ದವರು ಮೇಷ್ಟರೊಬ್ಬರೇ. ಅವರು ಬಾಯಿ ಬಿಡಲಿಲ್ಲ.

*

ಹನ್ನೆರಡು ವರ್ಷದ ಹಿಂದೆ ಮಿನತಿ ಎರಡನೇ ತರಗತಿಗೆ ಸೇರಿದಳು. ಅಪ್ಪ ಎರಕದ ಕಾರ್ಖಾನೆಯಲ್ಲಿ ಕೂಲಿ. ಆರು ತಿಂಗಳು ಆ ಮಗು ಒಂದು ಮಾತು ಆಡಲಿಲ್ಲ. ಮೇಷ್ಟರು ಬಿಡುವವರಲ್ಲ. ಸ್ಲೇಟಿನ ಮೇಲೆ ಬರೆದುಕೊಟ್ಟು ದಿನಕ್ಕೆ ಹತ್ತು ಸಲ ತಿದ್ದಿಸಿದರು. ಅಕ್ಷರಗಳು ಮುತ್ತಿನಂತೆ ಬಂದವು. "ಇದೇನು, ಹೇಳು?" ಎಂದರೆ ಮಾತ್ರ ತುಟಿ ಹೊಲಿದ ಹಾಗೆ. ಎಬ್ಬಿಸಿ ನಿಲ್ಲಿಸಿ ಕೇಳಿದರು, ಮೇಜು ಕುಟ್ಟಿ ಕೇಳಿದರು. ಕೇಳಿದಷ್ಟೂ ಮಗು ಒಳಗೊಳಗೇ ಸರಿದುಕೊಂಡಿತು.

ತಪಾಸಣೆಗೆ ಇನ್ಸ್‌ಪೆಕ್ಟರು ಬರುವ ಸುದ್ದಿ ಬಂತು. ಮೇಷ್ಟರು ಅಪ್ಪನನ್ನು ಕರೆಸಿ, "ಮಗು ಮೂಗಿ ಇರಬೇಕಪ್ಪ. ಇಲ್ಲಿ ಹೆಸರು ಹೊಡೆದುಹಾಕ್ತೀನಿ, ಮೂಗರ ಶಾಲೆಗೆ ಸೇರಿಸು" ಎಂದರು. ಅವನಿಗೆ ಅರ್ಥವಾಯಿತೋ ಇಲ್ಲವೋ, ಕೈ ಮುಗಿದು ಹೋದ. ಅಲ್ಲಿಯವರೆಗೆ ಇನ್ಸ್‌ಪೆಕ್ಟರ ಕಣ್ಣಿಗೆ ಬೀಳದಿರಲಿ ಎಂದು ಮಗುವನ್ನು ಅಡಿಗೆ ಶೆಡ್ಡಿಗೆ ಕಳಿಸಿದರು.

"ಸಿದ್ದಮ್ಮ, ಇವಳನ್ನ ಇಲ್ಲೇ ಇಟ್ಕೋ."

"ಇರ್ಲಿ ಬುಡಿ ಮೇಷ್ಟ್ರೇ. ಅವರೆಕಾಯಿ ಸುಲೀತಾಳೆ."

ಇನ್ಸ್‌ಪೆಕ್ಟರು ಆ ತಿಂಗಳು ಬರಲೇ ಇಲ್ಲ. ಮಗು ಶೆಡ್ಡಿನಲ್ಲಿಯೇ ಉಳಿಯಿತು. ಮೇಷ್ಟರ ಕೋಣೆಯ ಹಿಂದಿನ ಕಿಟಕಿ ಶೆಡ್ಡಿಗೆ ತೆರೆದಿತ್ತು. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಅವರು ಕಿವಿ ಅತ್ತ ಕೊಟ್ಟಿರುತ್ತಿದ್ದರು. ಸಿದ್ದಮ್ಮ ಮಗುವಿನ ಜೊತೆ ಮಾತಾಡುತ್ತಿರಲಿಲ್ಲ. ಬದನೆಕಾಯಿಯ ಜೊತೆ ಮಾತಾಡುತ್ತಿದ್ದಳು.

"ಬಾರಪ್ಪ, ನಿನ್ನ ಟೋಪಿ ತೆಗೀತೀನಿ. ಒಟ್ಟೇಲಿ ಹುಳ ಮಡಿಕಂಡು ಎಂಗೆ ಮಿಂಚ್ತಾವ್ನೆ ನೋಡು, ಕಳ್ಳ!"

ಒಲೆಯ ಜೊತೆ ಮಾತು, ಸೌಟಿನ ಜೊತೆ ಜಗಳ, ಗೋಡೆಯ ಮೇಲಿನ ಕಾಗೆಗೆ ಬೈಗುಳ. ಒಂದು ತಿಂಗಳಲ್ಲಿ ಅವಳು ಆ ಮಗುವಿಗೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಿದ್ದು ಮೇಷ್ಟರ ಕಿವಿಗೆ ಬೀಳಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಸಿದ್ದಮ್ಮ ನೀರಿಗೆ ಹೋಗಿದ್ದಳು. ಅನ್ನದ ಡಬರಿ ಉಕ್ಕಿತು. ಕಿಟಕಿಯಾಚೆ ಎಳೆಯ ದನಿಯೊಂದು ಕೇಳಿತು: "ಏ, ಸುಮ್ಕಿರೇ! ಅವ್ವ ಬತ್ತಾಳೆ, ಸೌದೆ ಎಳೀತಾಳೆ."

ಮೇಷ್ಟರು ಎದ್ದು ಕಿಟಕಿಯಲ್ಲಿ ಇಣುಕಿದರು. ಆ ಮಗು ಕನ್ನಡದಲ್ಲಿ ಮೊಟ್ಟಮೊದಲು ಮಾತಾಡಿದ್ದು ಮನುಷ್ಯರ ಜೊತೆಯಲ್ಲ, ಒಂದು ಡಬರಿಯ ಜೊತೆ. ಡಬರಿ ತಪ್ಪು ಹುಡುಕುವುದಿಲ್ಲವಲ್ಲ.

"ಏನು ಮಾಡ್ದೆ ಸಿದ್ದಮ್ಮ? ಹೆಂಗೆ ಕಲಿಸ್ದೆ?" ಎಂದು ಅವರು ಕೇಳಿದಾಗ ಅವಳು ನಕ್ಕಳು. "ನಾನೇನು ಕಲಿಸ್ದೆ ಮೇಷ್ಟ್ರೇ? ಸಾರು ಮಾಡ್ದೆ."

ಅದಾದ ಮೇಲೆ ಬಾಯಿ ಬಿಡದ ಮಕ್ಕಳನ್ನೆಲ್ಲ ಮೇಷ್ಟರು ಶೆಡ್ಡಿಗೆ ಕಳಿಸತೊಡಗಿದರು. ಎಲ್ಲವೂ ಎರಡು ಮೂರು ತಿಂಗಳಲ್ಲಿ ಮಾತಾಡಿದವು. ಶಿಕ್ಷಕರ ದಿನಾಚರಣೆಯಲ್ಲಿ, ಪರಭಾಷೆಯ ಮಕ್ಕಳಿಗೆ ಕನ್ನಡ ಕಲಿಸಿದ್ದಕ್ಕೆ ವೆಂಕಟರಮಣಪ್ಪನವರಿಗೆ ಶಾಲು ಹೊದಿಸಿದರು. ಅವರು ತಮ್ಮ ತಿದ್ದಿಸುವ ಕ್ರಮದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಕಾರ್ಯಕ್ರಮಕ್ಕೆ ಉಪ್ಪಿಟ್ಟು ಮಾಡಿದ್ದು ಸಿದ್ದಮ್ಮ.

ಮಿನತಿ ಅವಳ ಸೆರಗು ಬಿಡಲಿಲ್ಲ. ಸಾವಿನ ಮನೆಗಳಿಗೂ ಹಿಂದೆಯೇ ಹೋಗುತ್ತಿದ್ದಳು, ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. ಒಂದು ದಿನ ಶೆಡ್ಡಿನ ಬಾಗಿಲಲ್ಲಿ ಮೇಷ್ಟರ ಕಾಲು ತಗುಲಿ ಉಪ್ಪಿನ ಮಡಕೆ ಒಡೆಯಿತು. ಹುಡುಗಿ ಚೂರುಗಳನ್ನು ಗುಡ್ಡೆ ಹಾಕಿಕೊಂಡು ರಾಗ ತೆಗೆದಳು: "ನಮ್ಮವ್ವ ಉಪ್ಪವ್ವಾ, ಯಾರ ತಂಟೆಗೂ ಹೋಗ್ದೋಳೇ, ಕಣ್ಣು ಕಾಣ್ದ ಮೇಷ್ಟ್ರು ಒದ್ದು ಕೊಂದ್ರಲ್ಲೇ!" ಸಿದ್ದಮ್ಮ ಬಿದ್ದು ಬಿದ್ದು ನಕ್ಕಳು. "ಹೌದವ್ವಾ ಅನ್ನಿ ಮೇಷ್ಟ್ರೇ, ಹೌದವ್ವಾ ಅನ್ನಿ" ಎಂದಳು. ಮೇಷ್ಟರು ಗಂಟು ಮುಖ ಹಾಕಿಕೊಂಡು ಒಳಗೆ ಹೋದರು.

*

"ಹನ್ನೊಂದೂ ಕಾಲು," ಎಂದ ನರೇಶ. "ಅಪ್ಪಾ, ಈಗಿನ ಕಾಲದಲ್ಲಿ ಯಾರು ಇದನ್ನೆಲ್ಲ ನೋಡ್ತಾರೆ?"

"ನೋಡೋಳು ಅಲ್ಲಿ ಮಲಗವ್ಳೆ."

ಆವಲಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ಸೋತವನ ಹಾಗೆ ಎದ್ದು ಚಾಪೆಯ ಕಡೆ ಬಾಗಿದ. ನಾಲ್ಕು ಜನ ಕೈ ಹಾಕಲು ಬಂದರು.

ಮೇಷ್ಟರ ಮನೆಯ ಗೋಡೆಯ ಮೇಲೆ, ಶ್ರೀನಿವಾಸನ ಪಟದ ಪಕ್ಕದಲ್ಲಿಯೇ, ಆ ಶಾಲು ಹೊದ್ದ ಫೋಟೋ ಇದೆ. ಹುಡುಗಿ ಬಾಯಿ ತೆರೆದರೆ ಏನನ್ನೂ ಬಿಟ್ಟು ಹೇಳುವವಳಲ್ಲ. ಅಂಗಳದ ತುಂಬ ಅವರ ಹಳೆಯ ಶಿಷ್ಯರು, ಶಿಷ್ಯರ ಅಪ್ಪ ಅಮ್ಮಂದಿರು. ಸುಮ್ಮನಿದ್ದರೆ ಇನ್ನೈದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಸಿದ್ದಮ್ಮ ಮಾತಿಲ್ಲದೆ ಹೋಗುತ್ತಾಳೆ. ಗೋವಿಂದಾ, ಗೋವಿಂದಾ ಎಂದು ನಾಲಿಗೆ ಹೇಳುತ್ತಿತ್ತು, ಆದರೆ ಆ ಹೆಸರು ಈಗ ಅವರಿಗೆ ಒರಗಲು ಗೋಡೆಯಾಗಲಿಲ್ಲ.

"ತಡಿ ಆವಲಪ್ಪ," ಎಂದರು. "ಆ ಹುಡುಗೀಗೆ ಬರುತ್ತೆ."

ಎಲ್ಲರೂ ಗೇಟಿನ ಕಡೆ ತಿರುಗಿದರು. ನರೇಶ ಪಿಸುಗುಟ್ಟಿದ: "ಸಾರ್, ಅವರು ಒಡಿಶಾದವರು. ಅವರಿಗೇನು ಗೊತ್ತು ನಮ್ಮದು?"

ಆವಲಪ್ಪ ಅವನನ್ನು ಕೈಯಿಂದಲೇ ತಡೆದ. "ಏನವ್ವಾ, ಬತ್ತದಾ ನಿಂಗೆ?"

ಮಿನತಿ ಆವಲಪ್ಪನನ್ನು ನೋಡಲಿಲ್ಲ. ಮೇಷ್ಟರನ್ನು ನೋಡಿದಳು. "ಹೇಳಿದ್ರೆ ಎಲ್ಲಾ ಹೇಳ್ಬೇಕಾಯ್ತದೆ ಸಾರ್. ಬಿಟ್ಟು ಹೇಳೋದನ್ನ ಅವ್ವ ಕಲಿಸಿಲ್ಲ."

"ಹೇಳು ತಾಯಿ," ಎಂದರು ಮೇಷ್ಟರು.

ಅವಳು ಗುರುತಿನ ಚೀಟಿಯನ್ನು ಕೋಟಿನ ಜೇಬಿಗೆ ತುರುಕಿ, ಸಿದ್ದಮ್ಮನ ತಲೆಯ ಹತ್ತಿರ ಮಂಡಿಯೂರಿದಳು. ಆಮೇಲೆ ದನಿ ಎದ್ದಿತು.

"ಅವ್ವಾ... ನನ್ನವ್ವಾ... ಹೊತ್ತು ನೆತ್ತಿಗೆ ಬಂತಲ್ಲೇ, ಒಲೆ ಹಚ್ಚದೆ ಮಲಗಿದ್ದೀಯಲ್ಲೇ... ನಲ್ಲಿ ನೀರಿಗೆ ಪದ್ಮಕ್ಕ ನಿನ್ನ ಬಿಂದಿಗೆ ಎಸೆದಳಲ್ಲೇ, ಅವಳಿಗೆ ಜ್ವರ ಬಂದಾಗ ನೀನೇ ಗಂಜಿ ಕಾಯಿಸ್ದೆಯಲ್ಲೇ..."

ಪದ್ಮಾವತಿ ಬೆಚ್ಚಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಜೋರಾಗಿ ಅತ್ತಳು. "ಹೌದವ್ವಾ... ಎಸೆದೆ ಕಣವ್ವಾ."

ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು ಕೇಳಿದಳು: "ಯಾರು ಈ ಹುಡುಗಿ? ಮಾಗಡಿ ಕಡೆಯೋಳಾ?"

"ಸುಮ್ನಿರೇ. ಮಗಳು."

ರಾಗ ಏರಿತು. "ಬಾಯಿ ಬಾರದ ಕೂಸಾಗಿ ಬಂದೆನಲ್ಲೇ... ಮೂಗಿ ಅಂದರಲ್ಲೇ, ಹೆಸರು ಹೊಡೀತೀನಿ ಅಂದರಲ್ಲೇ, ಯಾರಿಗೂ ಕಾಣಬಾರದು ಅಂತ ನಿನ್ನ ಒಲೆಯ ಹೊಗೆಗೆ ನೂಕಿದರಲ್ಲೇ ನನ್ನ ಮೇಷ್ಟ್ರು..."

ದನಿ ನಿಂತಿತು. ವಠಾರದಾಚೆ ಯಾವುದೋ ವರ್ಕ್‌ಶಾಪಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು ಮಾತ್ರ. ಎಲ್ಲರ ಕಣ್ಣೂ ಮೇಷ್ಟರ ಮೇಲೆ.

"ಹೌದವ್ವಾ," ಎಂದರು ವೆಂಕಟರಮಣಪ್ಪನವರು.

"ನೀನು ಸುಲಿಯೋಕೆ ಅವರೆ ಕೊಟ್ಟೆಯಲ್ಲೇ, ಕೇಳೋಕೆ ಮಾತು ಕೊಟ್ಟೆಯಲ್ಲೇ... ಎಷ್ಟು ಮೂಕ ಮಕ್ಕಳಿಗೆ ನಾಲಿಗೆ ತಂದೆಯಲ್ಲೇ... ಶಾಲು ಮೇಷ್ಟ್ರಿಗೆ ಹೊದಿಸಿದರಲ್ಲೇ, ನೀನು ಉಪ್ಪಿಟ್ಟು ಬಡಿಸಿ ನಕ್ಕೆಯಲ್ಲೇ..."

ಈ ಸಲ ಮೇಷ್ಟರು ತಡ ಮಾಡಲಿಲ್ಲ. "ಹೌದವ್ವಾ. ಹೌದು. ಆ ಶಾಲು ಅವಳದು." ಅಷ್ಟು ಹೇಳಿ, ಗಂಡಸರ ಸಾಲು ಬಿಟ್ಟು, ತೊಟ್ಟಿಯ ಕಟ್ಟೆಯ ಮೇಲೆ ಹೆಂಗಸರ ನಡುವೆ ಕುಸಿದು ಕೂತರು. ಯಾರೂ ಅವರನ್ನು ಏಳಿಸಲಿಲ್ಲ. ಮಿನತಿ ಅವರತ್ತ ತಿರುಗಿಯೂ ನೋಡದೆ ಮುಂದಕ್ಕೆ ಹೋದಳು. ಸತ್ತ ಗಂಡನ ಸಂಗತಿ ಬಂತು, ಆವಲಪ್ಪನ ಹೆಸರೂ ಬಂತು. ಅವನೂ ತಲೆ ತಗ್ಗಿಸಿ "ಹೌದವ್ವಾ" ಅಂದ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಸಿದ್ದಮ್ಮನನ್ನು ಎತ್ತಿದರು.

ಸ್ಮಶಾನದ ದಾರಿ ವರ್ಕ್‌ಶಾಪುಗಳ ಬೀದಿಯಲ್ಲಿಯೇ. ಶಟರುಗಳ ಒಳಗಿಂದ ಮೈಗೆ ಗ್ರೀಸು ಮೆತ್ತಿಕೊಂಡ ಹುಡುಗರು ಹೊರಬಂದು, ಮೆಷಿನ್ನು ನಿಲ್ಲಿಸಿ, ತಲೆಯ ಟೋಪಿ ತೆಗೆದು ನಿಂತರು. ಮುಂದೆ ಚಟ್ಟ, ಹಿಂದೆ ಹೆಂಗಸರು, ಅವರ ಮುಂದುಗಡೆ ಹೇಳುತ್ತ ಹೇಳುತ್ತ ಮಿನತಿ. ವೆಂಕಟರಮಣಪ್ಪನವರು ಗಂಡಸರ ಗುಂಪನ್ನು ಸೇರಲಿಲ್ಲ. ಆ ನೀಲಿ ಕೋಟಿಗೆ ಒಂದು ಹೆಜ್ಜೆ ಹಿಂದೆ, ಬಿಸಿಲಿಗೆ ಬರಿಗಾಲಿನಲ್ಲಿ, ಕಿವಿಯನ್ನು ಮುಂದಕ್ಕೆ ಚಾಚಿದವರಂತೆ ನಡೆಯುತ್ತಿದ್ದರು. ಅವಳು ಒಂದು ಮಾತು ಹೇಳಿದರೆ ಅದರ ಬಾಲವನ್ನಷ್ಟೇ ಹಿಡಿದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ರಾಗ ತಿರುಗಿದಲ್ಲಿ ಹಿಡಿತ ತಪ್ಪುತ್ತಿತ್ತು, ಸುಮ್ಮನಾಗುತ್ತಿದ್ದರು, ಮತ್ತೆ ಕೇಳುತ್ತಿದ್ದರು. ಬೀದಿ ತಿರುವಿನಲ್ಲಿ ಮಿನತಿ ಉಸಿರು ತೆಗೆದುಕೊಳ್ಳಲು ನಿಂತಳು. ಹಿಂದಿನಿಂದ ನಡುಗುವ, ಶ್ರುತಿಯಿಲ್ಲದ ಮುದಿ ದನಿಯೊಂದು, "ಅವ್ವಾ... ನನ್ನವ್ವಾ..." ಎಂದು ಒಂದೇ ಸಾಲನ್ನು ಮೊದಲಿನಿಂದ ಹಿಡಿದಿತ್ತು. ಅವಳು ತಿರುಗಿ ನೋಡಲಿಲ್ಲ, ತಿದ್ದಲಿಲ್ಲ. ಮತ್ತೆ ನಡೆದಾಗ ಹೆಜ್ಜೆಯನ್ನಷ್ಟೇ ನಿಧಾನ ಮಾಡಿದಳು.