ಧೂಮಮಂಡಲದ ಖಳಕೋಶ

ಯತ್ತಪ್ಪ ಶಿರಾದ ಲೈಬ್ರರಿಯಲ್ಲಿ ಅಟೆಂಡರ್. ಬುಕ್ಕಾಪಟ್ಟಣದ ಕಡೆಯ ಒಂದು ಗೊಲ್ಲರಹಟ್ಟಿಯಿಂದ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೊದಲನೆಯವನು. 1974ರ ಮೇ ತಿಂಗಳಲ್ಲಿ ಅವನು ಕೊರಟಗೆರೆಯ ನಾಗಲಿಂಗಯ್ಯ ಮೇಷ್ಟ್ರಿಗೆ ಒಂದು ಕಾರ್ಡು ಬರೆದ. ಅವರ ಗುರುತು ಪರಿಚಯ ಅವನಿಗೆ ಇರಲಿಲ್ಲ.

'ಮಾನ್ಯರೇ, ತಮ್ಮ 38ನೇ ಪುಸ್ತಕದಲ್ಲಿ ತಾಮ್ರಾಕ್ಷನ ಎಡಗೈ ತುಂಡಾಗಿತ್ತು. ಈ ತಿಂಗಳ 149ನೇ ಪುಸ್ತಕದಲ್ಲಿ ಅವನು ಎರಡೂ ಕೈಯಿಂದ ಬಾಗಿಲು ತಳ್ಳುತ್ತಾನೆ. ತಪ್ಪು ಹುಡುಕಲು ಬರೆಯುತ್ತಿಲ್ಲ. ನಡುವೆ ಯಾವುದಾದರೂ ಪುಸ್ತಕದಲ್ಲಿ ಕೈ ಮತ್ತೆ ಬಂದಿದ್ದರೆ ಅದರ ನಂಬರು ತಿಳಿಸಬೇಕು. ನಮ್ಮ ಲೈಬ್ರರಿಗೆ ತರಿಸುತ್ತೇವೆ.'

ನಾಗಲಿಂಗಯ್ಯನವರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರಾಗಿದ್ದರು. 1962ರಿಂದ ತಿಂಗಳಿಗೊಂದರಂತೆ 'ಧೂಮಮಂಡಲ' ಎಂಬ ಮಾಲೆ ಬರೆಯುತ್ತಿದ್ದರು. ಆಕಾಶನೌಕೆ, ದೂರದ ಗ್ರಹಗಳು, ಅಲ್ಲಿನ ಯುದ್ಧಗಳು. ಮಧುಗಿರಿಯ ಸಂಜೀವಯ್ಯ ತಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿ ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆಲ್ಲ ಕಳಿಸುತ್ತಿದ್ದರು. ಪಾವಗಡದಿಂದ ತುಮಕೂರಿನವರೆಗೆ ಅದನ್ನು ಓದದ ಹುಡುಗರಿರಲಿಲ್ಲ. ಕತೆಯ ನಾಯಕ ಯಾರೆಂದು ಕೇಳಿದರೆ ಓದುಗರು ಸ್ವಲ್ಪ ಯೋಚಿಸುತ್ತಿದ್ದರು. ಖಳರ ಹೆಸರು ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಹಲ್ಲುಗಳನ್ನೇ ನಾಣ್ಯ ಮಾಡಿಕೊಂಡಿದ್ದ ವಜ್ರದಂತ, ಮಕ್ಕಳ ನಿದ್ದೆ ಕದಿಯುವ ಮೌನರಾಣಿ, ಎಲ್ಲರಿಗಿಂತ ಮೇಲೆ ತಾಮ್ರಾಕ್ಷ. ತನ್ನ ಗ್ರಹ ಸುಟ್ಟುಹೋದದ್ದನ್ನು ಕಣ್ಣಾರೆ ಕಂಡು, ಬೇರೆಯವರ ಸೂರ್ಯಗಳನ್ನು ಒಂದೊಂದಾಗಿ ಆರಿಸುತ್ತ ಹೋಗುವವನು.

ಎಂಟು ದಿನಕ್ಕೆ ಉತ್ತರ ಬಂತು. ಕೈ ಮತ್ತೆ ಬಂದಿಲ್ಲ, ನಾನೇ ಮರೆತೆ, ರಜಾ ದಿನ ಒಮ್ಮೆ ಮನೆಗೆ ಬಾ ಎಂದಿತ್ತು.

ಲೈಬ್ರರಿಗೆ ಸೋಮವಾರ ರಜೆ. ಯತ್ತಪ್ಪ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಕೊರಟಗೆರೆಗೆ ಹೋದ. ಒಗೆದ ಬಿಳಿ ಅಂಗಿ ಹಾಕಿದ್ದ. ಮೇಷ್ಟ್ರ ಹೆಂಡತಿ ಬಸವಮ್ಮ ಕಾಫಿ ಕೊಟ್ಟರು. ಜಗಲಿಯ ಮೇಲೆ ಎದುರು ಕೂರುವುದಕ್ಕೆ ಯತ್ತಪ್ಪ ಹಿಂದೆಗೆದ. ಮೇಷ್ಟ್ರು ಕುರ್ಚಿಯನ್ನು ಅವನ ಕಡೆ ತಳ್ಳಿ, ತಾಮ್ರಾಕ್ಷನ ತಾಯಿಯ ಹೆಸರೇನು ಹೇಳು ಅಂದರು. ಯತ್ತಪ್ಪ ಹೇಳಿದ. ಯಾವ ಪುಸ್ತಕ, ಎಷ್ಟನೇ ಪುಟ ಎಂಬುದನ್ನೂ ಹೇಳಿದ. ಮೇಷ್ಟ್ರು ಹೆಂಡತಿಯನ್ನು ಕೂಗಿ ಕರೆದು, ಇವನ ತಲೆ ನೋಡೇ ಅಂದು ನಕ್ಕರು.

"ನಾಯಕನನ್ನ ಯಾರು ಬೇಕಾದ್ರೂ ಬರೀಬಹುದು," ಅಂದರು ಆಮೇಲೆ. "ಕೆಟ್ಟವನನ್ನ ಬರೀಬೇಕಾದ್ರೆ ಅವನು ಚಿಕ್ಕವನಿದ್ದಾಗಿಂದ ನಂಗೆ ಗೊತ್ತಿರಬೇಕು. ಈಗೀಗ ಜ್ಞಾಪಕ ಇರೋದಿಲ್ಲ ಯತ್ತಪ್ಪ. ನೀನು ಒಂದು ಕೋಶ ಮಾಡ್ಕೊಡು."

ಅಲ್ಲಿಂದ ಕೋಶದ ಕೆಲಸ ಶುರುವಾಯಿತು. ಶಿರಾ ಲೈಬ್ರರಿ ಮಧ್ಯಾಹ್ನ ಬಾಗಿಲು ಹಾಕುತ್ತಿತ್ತು. ಆ ಹೊತ್ತಿನಲ್ಲಿ ಯತ್ತಪ್ಪ ಒಳಗೇ ಕೂತು, ಹಳೆಯ ಕ್ಯಾಟಲಾಗ್ ಕಾರ್ಡುಗಳ ಹಿಂಬದಿಯಲ್ಲಿ ಒಬ್ಬೊಬ್ಬ ಖಳನನ್ನೂ ಇಳಿಸುತ್ತ ಹೋದ. ಹೆಸರು, ಹುಟ್ಟಿದ ಗ್ರಹ, ಮೊದಲು ಬಂದ ಪುಸ್ತಕ, ಆಯುಧ, ಮಾತಿನ ರೀತಿ, ಭಯ ಯಾವುದರದು, ಸತ್ತದ್ದು ಹೇಗೆ. ಅವನ ಹೆಂಡತಿ ಗೌರಕ್ಕನಿಗೆ ಓದು ಬರುತ್ತಿರಲಿಲ್ಲ. ಕಾರ್ಡುಗಳಿಗೆ ಗೆರೆ ಹಾಕಿಕೊಡುತ್ತಿದ್ದಳು. ಇದು ಯಾರ ಕತೆ ಎಂದು ಒಂದು ದಿನ ಕೇಳಿದಳು. ಕೆಟ್ಟವರದು ಎಂದು ಯತ್ತಪ್ಪ ಹೇಳಿದಾಗ, ಕೆಟ್ಟೋರ್ನೆಲ್ಲ ಇಷ್ಟು ಅಚ್ಚುಕಟ್ಟಾಗಿ ಬರ್ದಿಟ್ಕಂಡು ಏನ್ಮಾಡ್ತೀಯ ಅಂದಳು. ಅವನು ಗೆರೆ ಹಾಕಿದ್ದ ಮುಂದಿನ ಕಾರ್ಡು ತೆಗೆದುಕೊಂಡ.

ಎರಡು ವರ್ಷಕ್ಕೆ ಮೊದಲ ಭಾಗ ಅಚ್ಚಾಯಿತು. 'ಧೂಮಮಂಡಲದ ಖಳಕೋಶ', ನೂರ ಹನ್ನೆರಡು ಖಳರು. ಒಳಪುಟದಲ್ಲಿ ಸಣ್ಣಕ್ಷರದಲ್ಲಿ 'ಸಂಗ್ರಹ: ಬಿ. ಯತ್ತಪ್ಪ, ಶಿರಾ' ಎಂದಿತ್ತು. ಅದನ್ನು ಅವನು ದಿನಕ್ಕೊಮ್ಮೆಯಾದರೂ ತೆಗೆದು ನೋಡುತ್ತಿದ್ದ. ಓದುಗರು ಮುಗಿಬಿದ್ದು ಕೊಂಡರು. ಮೇಷ್ಟ್ರು ಅದನ್ನು ಬರೆಯುವ ಮೇಜಿನ ಮೇಲಿಟ್ಟುಕೊಂಡು ಮಾಲೆ ಮುಂದುವರಿಸಿದರು. ಯತ್ತಪ್ಪ ತಿಂಗಳಿಗೆರಡು ಸೋಮವಾರ ಹೋಗಿ ಎರಡನೇ ಭಾಗಕ್ಕೆ ವಿವರ ಕೇಳಿಕೊಂಡು ಬರುತ್ತಿದ್ದ. ಅವನ ಬದುಕಿನಲ್ಲಿ ಅಷ್ಟು ಸಂತೋಷದ ಕಾಲ ಮತ್ತೆ ಬರಲಿಲ್ಲ.

1979ರ ಹೊತ್ತಿಗೆ ಮೇಷ್ಟ್ರ ಮರೆವು ಬೇರೆ ರೂಪ ತಾಳಿತ್ತು. ಒಂದು ಸೋಮವಾರ ಅವರು ಯತ್ತಪ್ಪನಿಗೆ ಎರಡು ಸಲ ಕಾಫಿ ತರಿಸಿದರು, ಮೂರನೇ ಸಲ ಕೂಗಿದಾಗ ಬಸವಮ್ಮ ಬಾಗಿಲಲ್ಲೇ ನಿಂತರು. ಇನ್ನೊಂದು ಸಲ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬರುತ್ತೇನೆಂದು ಜೊತೆಗೆ ಹೊರಟು, ಅರ್ಧ ದಾರಿಯಲ್ಲಿ ನಿಂತು, ನಾವು ಎಲ್ಲಿಗೆ ಹೋಗ್ತಿದ್ದೀವಿ ಅಂದರು. ತುಮಕೂರಿನ ಡಾಕ್ಟರು ನೋಡಿ, ಮಿದುಳು ಸವೆಯುತ್ತಿದೆ, ಇದಕ್ಕೆ ಔಷಧವಿಲ್ಲ ಎಂದು ಹೇಳಿ ಕಳಿಸಿದರು. ಆದರೂ ಅವರು ಬೆಳಗಿನ ಹೊತ್ತು ಬರೆಯುತ್ತಿದ್ದರು. ಕೋಶ ತೆರೆದಿಟ್ಟುಕೊಂಡರೆ ಮಾತ್ರ ಬರೆಯಲು ಆಗುತ್ತಿತ್ತು.

ಮಾರನೇ ವರ್ಷ ಎರಡನೇ ಭಾಗ ಸಿದ್ಧವಾಯಿತು. ಸಂಜೀವಯ್ಯ ಒಂದು ಸೋಮವಾರ ಕಾರಿನಲ್ಲಿ ಕೊರಟಗೆರೆಗೆ ಬಂದರು. ಕೋಶದ ಒಪ್ಪಂದ ಎಂದು ಛಾಪಾ ಕಾಗದಗಳನ್ನು ಹರಡಿದರು. ಬಸವಮ್ಮ ಒಳಗೆ ಉಪ್ಪಿಟ್ಟು ಮಾಡುತ್ತಿದ್ದರು. ಮೇಷ್ಟ್ರು ಮೊದಲ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು, ಸಾಲುಗಳ ಮೇಲೆ ಬೆರಳಾಡಿಸಿದರು, ಆಮೇಲೆ ಕೆಳಗಿಟ್ಟು ಯತ್ತಪ್ಪನ ಕಡೆ ನೋಡಿದರು.

"ನೀನು ಓದಿದ್ಯಾ?"

ಯತ್ತಪ್ಪ ಮೊದಲ ಹಾಳೆ ಓದಿದ್ದ. ಅದರಲ್ಲಿ ಖಳಕೋಶದ ವಿಷಯವೇ ಇತ್ತು, ಅವನ ಹೆಸರೂ ಇತ್ತು. ಉಳಿದ ಎರಡು ಹಾಳೆಗಳು ಸಂಜೀವಯ್ಯನವರ ಕೈಕೆಳಗಿದ್ದವು. ಸಾವ್ಕಾರರ ಎದುರಿಗೆ ಅವನ್ನು ಎಳೆದುಕೊಂಡು ಓದುವುದು ಅವನಿಗೆ ಮರ್ಯಾದೆಯಲ್ಲವೆನಿಸಿತು.

"ಓದಿವ್ನಿ ಮೇಷ್ಟ್ರೇ," ಅಂದ.

ಮೇಷ್ಟ್ರು ಸಹಿ ಹಾಕಿದರು. ಸಾಕ್ಷಿ ಎಂದಿದ್ದ ಕಡೆ ಯತ್ತಪ್ಪ ಹಾಕಿದ.

ಮುಂದಿನ ವರ್ಷ ಯುಗಾದಿಯ ಆಚೆಗೆ ಮೇಷ್ಟ್ರಿಗೆ ಬರೆಯಲು ಆಗಲಿಲ್ಲ. ಪೆನ್ನು ಹಿಡಿದು ಕೂರುತ್ತಿದ್ದರು, ಹಾಳೆ ಹಾಗೇ ಇರುತ್ತಿತ್ತು. ಆದರೆ ಶಿರಾ ಲೈಬ್ರರಿಗೆ ತಿಂಗಳ ಪುಸ್ತಕ ಬರುವುದು ನಿಲ್ಲಲಿಲ್ಲ. ಹಿಂದೆ ಬರೆದಿಟ್ಟದ್ದು ಪ್ರೆಸ್ಸಿನಲ್ಲಿ ಇರಬಹುದೆಂದು ಯತ್ತಪ್ಪ ಅಂದುಕೊಂಡ. ನವೆಂಬರಿನಲ್ಲಿ 239ನೇ ಪುಸ್ತಕ ಓದುತ್ತಿದ್ದವನು ಎದ್ದು ಹೋಗಿ ಹಳೆಯ ಕಾರ್ಡುಗಳನ್ನು ತೆಗೆದ. ವಜ್ರದಂತನ ಕಾರ್ಡಿನಲ್ಲಿ ಅವನು 'ಮಾತಿನ ರೀತಿ: ಪ್ರಶ್ನೆಗೆ ಪ್ರಶ್ನೆಯೇ ಉತ್ತರ' ಎಂದು ಬರೆದಿದ್ದ. ಈ ಪುಸ್ತಕದ ವಜ್ರದಂತ ಮೊದಲಿನಿಂದ ಕೊನೆಯವರೆಗೆ ಪ್ರಶ್ನೆ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ನೀರು ಬೇಕೇ ಎಂದರೆ ನೀರೆಂದರೇನು ಅನ್ನುತ್ತಿದ್ದ. ಮೇಷ್ಟ್ರು ಬರೆದ ವಜ್ರದಂತ ಹಾಗೆ ಪೆದ್ದನಾಗಿರಲಿಲ್ಲ. ರಕ್ಷಾಪುಟದ ಮೇಲೆ ಮಾತ್ರ ನಾಗಲಿಂಗಯ್ಯ ಎಂಬ ಹೆಸರು ಮೊದಲಿನಷ್ಟೇ ದೊಡ್ಡದಾಗಿತ್ತು.

ಅವನು ಮಧುಗಿರಿಗೆ ಹೋದ. ಪ್ರೆಸ್ಸಿನ ಒಳಕೋಣೆಯಲ್ಲಿ ಇಬ್ಬರು ಹೊಸಬರು ಕೂತು ಬರೆಯುತ್ತಿದ್ದರು. ಅವರ ನಡುವೆ ಖಳಕೋಶದ ಎರಡೂ ಭಾಗಗಳಿದ್ದವು. ರಟ್ಟು ಕಿತ್ತುಹೋಗಿತ್ತು, ಪುಟಪುಟಕ್ಕೂ ಕೆಂಪು ಗೆರೆಗಳಿದ್ದವು. ಸಂಜೀವಯ್ಯ ಏನನ್ನೂ ಮುಚ್ಚಿಡಲಿಲ್ಲ. ಬೀರುವಿನಿಂದ ಒಪ್ಪಂದ ತೆಗೆದು ಅವನ ಕೈಗೆ ಕೊಟ್ಟರು. ಎರಡನೇ ಹಾಳೆಯಲ್ಲಿ ಮಾಲೆಯ ಹೆಸರು, ಅದರ ಎಲ್ಲ ಪಾತ್ರಗಳು, ಲೇಖಕರ ಹೆಸರಿನಲ್ಲಿ ಬರೆಸಿ ಅಚ್ಚು ಹಾಕುವ ಹಕ್ಕು, ಎಲ್ಲವೂ ಪ್ರೆಸ್ಸಿಗೆ ಶಾಶ್ವತವಾಗಿ ಸೇರಿದ್ದು ಎಂದಿತ್ತು. ಮೂರನೆಯದರಲ್ಲಿ ಮೇಷ್ಟ್ರ ನಡುಗುವ ಸಹಿ. ಅದರ ಕೆಳಗೆ ಅವನದು.

"ನಿನ್ನ ಪುಸ್ತಕ ಇಲ್ದಿದ್ರೆ ಮಾಲೆ ಮೇಷ್ಟ್ರ ಜೊತೇಲೆ ನಿಂತೋಗ್ತಿತ್ತು ಕಣಯ್ಯ," ಅಂದರು ಸಂಜೀವಯ್ಯ. ಹಂಗಿಸುವ ದನಿಯಲ್ಲ, ಮೆಚ್ಚಿಕೊಂಡೇ ಹೇಳಿದರು. "ಯಾರನ್ನ ಕೂರಿಸಿದ್ರೂ ಬರೀಬಹುದು ಈಗ. ಮೂರನೇ ಭಾಗ ಬೇಗ ಮುಗ್ಸು."

ಯತ್ತಪ್ಪ ವಕೀಲರೊಬ್ಬರನ್ನು ಕೇಳಿದ. ಕಾಗದ ಸರಿಯಾಗಿದೆ, ಸಾಕ್ಷಿಯೇ ಬಂದು ನಾನು ಓದದೆ ಸಹಿ ಮಾಡಿದೆ ಅಂದರೆ ಯಾರು ಕೇಳುತ್ತಾರೆ ಅಂದರು. ಬಸವಮ್ಮನಿಗೆ ಹೇಳಿಬಿಡಬೇಕೆಂದು ಮೂರು ಸಲ ಕೊರಟಗೆರೆಗೆ ಹೋದ. ಮೂರು ಸಲವೂ ಹೇಳಲಾರದೆ, ಮೇಷ್ಟ್ರ ಕಾಲಿನ ಉಗುರು ಕತ್ತರಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಬದಲಿಸಿ ಬಂದ. ಗೌರಕ್ಕನ ಹತ್ತಿರ ಮಾತ್ರ ಹೇಳಿಕೊಂಡ. ನೀನು ಬಾಯಿ ಬಿಡ್ದಿದ್ರೆ ಯಾರ್ಗೂ ಗೊತ್ತಾಗಕ್ಕಿಲ್ಲ, ಬುಟ್ಟಾಕು ಅಂದಳು. ಆಮೇಲಿಂದ ಅವನು ಪ್ರತಿ ಸೋಮವಾರ ಹೋಗತೊಡಗಿದ.

ಮೇಷ್ಟ್ರಿಗೆ ಅವನ ಹೆಸರು ಮರೆತಿತ್ತು. ಹೆಂಡತಿಯನ್ನು ಕೆಲವು ದಿನ ತಾಯಿ ಅಂದುಕೊಳ್ಳುತ್ತಿದ್ದರು. ಖಳರು ಮಾತ್ರ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದರು. ಯತ್ತಪ್ಪ ಕೋಶ ತೆಗೆದು ಓದಿ ಹೇಳಿದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ಕೇಳುತ್ತಿದ್ದುದು ಒಂದೇ ಪ್ರಶ್ನೆ, ತಾಮ್ರಾಕ್ಷ ಇದ್ದಾನಾ ಎಂದು. ಅವನನ್ನು ಯಾವ ಕಾಲಕ್ಕೂ ಕೊಲ್ಲುವುದಿಲ್ಲ, ಅವನಿಗೆ ಬಂದ ಕಷ್ಟ ನನಗೊಬ್ಬನಿಗೇ ಗೊತ್ತು ಎಂದು ಮೇಷ್ಟ್ರು ಚೆನ್ನಾಗಿದ್ದ ಕಾಲದಲ್ಲಿ ಹೇಳುತ್ತಿದ್ದರು. ಅವ್ನೆ ಮೇಷ್ಟ್ರೇ ಎಂದು ಯತ್ತಪ್ಪ ಹೇಳುತ್ತಿದ್ದ. ಅವರು ತಲೆದೂಗುತ್ತಿದ್ದರು.

1982ರ ಅಕ್ಟೋಬರಿನಲ್ಲಿ 250ನೇ ಪುಸ್ತಕ ವಿಶೇಷಾಂಕವಾಗಿ ಬಂತು. ಮುಖಪುಟದ ಮೇಲೇ ತಾಮ್ರಾಕ್ಷನ ಹೆಣ ಬಿದ್ದಿತ್ತು. ಆ ಸೋಮವಾರವೂ ಯತ್ತಪ್ಪ ಅವ್ನೆ ಮೇಷ್ಟ್ರೇ ಎಂದೇ ಹೇಳಿದ. ಆದರೆ ಪ್ರೆಸ್ಸಿನವರು ಮೇಷ್ಟ್ರಿಗೆ ತಪ್ಪದೆ ಒಂದು ಪ್ರತಿ ಅಂಚೆಯಲ್ಲಿ ಕಳಿಸುತ್ತಿದ್ದರು. ಬಸವಮ್ಮ ಅವನ್ನೆಲ್ಲ ನೋಡದೆ ಕಪಾಟಿನಲ್ಲಿ ಸೇರಿಸುತ್ತಿದ್ದರು.

ದೀಪಾವಳಿ ಕಳೆದ ಮೇಲಿನ ಸೋಮವಾರ ಯತ್ತಪ್ಪ ಹೋದಾಗ ಮೇಷ್ಟ್ರು ಕಪಾಟಿನ ಕೆಳಗೆ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿ 250ನೇ ಪುಸ್ತಕವಿತ್ತು. ಕೊನೆಯ ಪುಟ ತೆರೆದಿತ್ತು. ಅವರು ಎಷ್ಟು ಓದಿದ್ದರೋ, ಎಷ್ಟು ಅರ್ಥವಾಗಿತ್ತೋ. ಮುಖವೆಲ್ಲ ಒದ್ದೆಯಾಗಿತ್ತು.

"ನಾನ್ಯಾಕೆ ಕೊಂದೆ ಅವನನ್ನ?" ಅಂದರು.

ಯತ್ತಪ್ಪ ಅವರ ಪಕ್ಕದಲ್ಲೇ ಕೂತ. ನೀವು ಬರೆದದ್ದಲ್ಲ ಮೇಷ್ಟ್ರೇ, ಬೇರೆ ಯಾರೋ ಬರೆದದ್ದು ಅಂದ. ಮೇಷ್ಟ್ರು ಪುಸ್ತಕ ಮುಚ್ಚಿ ರಕ್ಷಾಪುಟದ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು, ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದರು. ಎಷ್ಟೋ ತಿಂಗಳಿಂದ ಅವರು ಅಷ್ಟು ಸರಿಯಾಗಿ ಏನನ್ನೂ ಓದಿರಲಿಲ್ಲ. ಯತ್ತಪ್ಪ ಮತ್ತೆ ಹೇಳಿದ. ಅವರು ಮತ್ತೆ ಹೆಸರು ತೋರಿಸಿದರು. ಸಂಜೆಯವರೆಗೂ ಹೀಗೇ ನಡೆಯಿತು. ಬಸವಮ್ಮ ಬಂದು ಪುಸ್ತಕ ಕಿತ್ತುಕೊಂಡು ಬಚ್ಚಲ ಒಲೆಗೆ ಹಾಕಿದರು. ಪುಸ್ತಕ ಹೋಯಿತು, ಆ ಮಾತು ಹೋಗಲಿಲ್ಲ. ಉಳಿದದ್ದೆಲ್ಲ ಮರೆಯುತ್ತಿದ್ದ ಮೇಷ್ಟ್ರು ಇದೊಂದನ್ನು ಮರೆಯಲಿಲ್ಲ. ಊಟಕ್ಕೆ ಕೂತರೆ, ಕೊಂದವನಿಗೆ ಯಾಕೆ ಬಡಿಸ್ತೀಯ ಎಂದು ತಟ್ಟೆ ತಳ್ಳುತ್ತಿದ್ದರು. ಚಮಚದಲ್ಲಿ ಗಂಜಿ ಕುಡಿಸಬೇಕಾಯಿತು. ಹಾಗೇ ಒಂದೂವರೆ ವರ್ಷ ಇದ್ದರು. 1984ರ ಏಪ್ರಿಲಿನಲ್ಲಿ ತೀರಿಕೊಂಡರು.

ಸಂಜೀವಯ್ಯ ದೊಡ್ಡ ಹಾರ ತಂದಿದ್ದರು. ಮಾಲೆ ನಿಲ್ಲುವುದಿಲ್ಲ, ಅದೇ ಮೇಷ್ಟ್ರಿಗೆ ನಾವು ಸಲ್ಲಿಸುವ ಗೌರವ ಎಂದು ಬಂದವರಿಗೆಲ್ಲ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿದ್ದಂತೆ ಯಾರಿಗೂ ಅನಿಸಲಿಲ್ಲ. ಮೂರನೇ ಭಾಗವನ್ನು ಯತ್ತಪ್ಪ ಕೊಡಲಿಲ್ಲ. ಸಂಜೀವಯ್ಯ ಅದನ್ನು ಬೇರೆಯವರಿಂದ ಮಾಡಿಸಿದರು. ತಾಮ್ರಾಕ್ಷನ ಹೆಸರಿನ ಮುಂದೆ 'ಮರಣ: ಪುಸ್ತಕ 250' ಎಂದು ಅಚ್ಚಾಯಿತು. ಆ ಕೋಶ ಶಿರಾ ಲೈಬ್ರರಿಗೂ ಬಂತು. ಅದಕ್ಕೆ ಮೊಹರು ಒತ್ತಿ, ನಂಬರು ಹಾಕಿ, ಕಪಾಟಿನಲ್ಲಿ ಜೋಡಿಸಿದವನು ಯತ್ತಪ್ಪನೇ. ಅದು ಅವನ ಕೆಲಸವಾಗಿತ್ತು.

ಮೇಷ್ಟ್ರ ವರ್ಷಾಬ್ದಿ ಆದ ಮೇಲೆ ಅವನು ಒಂದು ಸೋಮವಾರ ಕೊರಟಗೆರೆಗೆ ಹೋಗಿ, ಬಸವಮ್ಮನ ಎದುರು ನಿಂತು, ಕಾಗದದ ವಿಷಯ ಹೇಳಿದ. ಓದದೆ ಓದಿದೆನೆಂದದ್ದನ್ನೂ, ಸಾಕ್ಷಿ ಹಾಕಿದ್ದನ್ನೂ ಬಿಡದೆ ಹೇಳಿದ. ಬಸವಮ್ಮ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು.

"ಗೊತ್ತು," ಅಂದರು. "ಅದರ ನಕಲು ಒಂದನ್ನ ಅವರು ನಮ್ಮ ಮನೇಲೂ ಬಿಟ್ಟುಹೋಗಿದ್ರು. ಆವತ್ತು ಸಾಯಂಕಾಲವೇ ಓದಿದೆ. ನಿಮ್ಮ ಸಹಿ ನೋಡಿದೆ."

ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ ಎಂದು ಯತ್ತಪ್ಪ ಕೇಳಿದ.

"ಆಡಿದ್ರೆ ನೀವು ಬರ್ತಿದ್ರಾ ಯತ್ತಪ್ಪ? ಮಲಗಿದ್ದೋರನ್ನ ಎತ್ತಿ ಕೂರಿಸೋಕೆ ನಂಗೊಬ್ಬಳಿಗೇ ಆಗ್ತಿರಲಿಲ್ಲ. ಬೇರೆ ಯಾರೂ ಬರ್ತಿರಲಿಲ್ಲ." ಮೊರದ ಅಂಚಿನ ಅಕ್ಕಿಯನ್ನು ಒಳಗೆ ತಳ್ಳಿ ಹೇಳಿದರು, "ಈಗ ಅವರಿಲ್ಲ. ಇನ್ನು ಈ ಮನೆಗೆ ಬರಬೇಡಿ."

ಅವನು ನಿಂತೇ ಇದ್ದ. ಬಸವಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ತಿರುಗಿಯೂ ನೋಡಲಿಲ್ಲ.

ಆ ವರ್ಷವೇ ಯತ್ತಪ್ಪ ಪಾವಗಡಕ್ಕೆ ವರ್ಗ ಕೇಳಿಕೊಂಡ. ಅಲ್ಲಿನ ಓದುಗರು ಅರ್ಧ ತೆಲುಗಿನಲ್ಲೇ ಮಾತಾಡುತ್ತಿದ್ದರು, ಅವನ ಗುರುತು ಯಾರಿಗೂ ಇರಲಿಲ್ಲ. ಸೇರಿದ ಮೊದಲ ವಾರವೇ ಟಪಾಲಿನ ಕಟ್ಟು ಬಂತು. ದಾರ ಬಿಚ್ಚಿದರೆ ಮೇಲೆಯೇ ಹೊಸ ಧೂಮಮಂಡಲವಿತ್ತು. ಸತ್ತು ವರ್ಷ ಕಳೆದಿದ್ದ ಮೇಷ್ಟ್ರ ಹೆಸರು ಅದರ ಮೇಲೆ ಹಾಗೇ ಇತ್ತು. ಬಾಗಿಲ ಹತ್ತಿರ ಆಗಲೇ ನಾಲ್ಕು ಜನ ಕಾಯುತ್ತಿದ್ದರು. ಅವನು ಮೊಹರು ಒತ್ತಿ, ಮೊದಲು ಬಂದವರಿಗೆ ಕೊಟ್ಟ.