ಹಿಂದಕ್ಕೆ ಒಂದೊಂದೇ ಹೆಜ್ಜೆ

"ಒತ್ತಬೇಡ ಮಾವ, ಕೈ ತೆಗಿ!"

ಶಾರದಾ ಕೂಗಿದ ರಭಸಕ್ಕೆ ಚಂದ್ರಪ್ಪ ಅಕ್ಕನ ಮಂಡಿಯ ಮೇಲಿಟ್ಟಿದ್ದ ಕೈ ಹಿಂದೆಗೆದ. ಅಕ್ಕನ ಕಾಯಿಲೆ ಜೋರೆಂದು ಮಂಡ್ಯದಿಂದ ನಿನ್ನೆಯಷ್ಟೇ ದೆಹಲಿಗೆ ಬಂದಿದ್ದ. ದ್ವಾರಕಾ ಬಡಾವಣೆಯ ಮಗಳು ಶಾರದಾಳ ಮನೆಯಲ್ಲಿ ದೇವೀರಮ್ಮನ ಹೆಣ ಮಗ್ಗುಲಾಗಿ ಮಲಗಿತ್ತು. ಬಾಳಿಡೀ ಕೆಸರಿನಲ್ಲಿ ಬಗ್ಗಿ ಭತ್ತ ನೆಟ್ಟ ಬೆನ್ನು ಚಟ್ಟಕ್ಕೆ ಹೊಂದುತ್ತಿರಲಿಲ್ಲ.

"ಅಂಗಾತ ಮಲಗಿಸ್ದೆ ಕಟ್ಟೋದೆಂಗವ್ವ? ನೋಡ್ದೋರು ಏನಂದಾರು?"

"ಅಂದ್ಕೊಳ್ಳಲಿ. ಬದುಕಿದ್ದಾಗ ಈ ಬೆನ್ನು ಯಾರು ನೋಡಿದ್ರು? ನೋವು ಅಂದಾಗೆಲ್ಲ ಸೂಜಿ ಚುಚ್ಚಿಸಿ ಗದ್ದೆಗಿಳಿಸಿದ್ರಿ."

"ಅವಳೇ ಸೂಜಿ ಹಾಕ್ಸು ಅಂತಿದ್ಲು. ನಾಟಿ ಕಾಲದಲ್ಲಿ ಮನೇಲಿ ನಿಲ್ತಿದ್ಲಾ ಅವಳು?"

* * *

ದೆಹಲಿಗೆ ಬಂದಾಗಿನಿಂದ ದೇವೀರಮ್ಮನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಎಳೆಬಿಸಿಲು ಮನೆ ಮುಂದಿನ ಕಾರಿಡಾರಿನ ನುಣುಪು ನೆಲಕ್ಕೆ ಬಿದ್ದರೆ ಎದ್ದು ಹೋಗುತ್ತಿದ್ದಳು. ಅವಳಿಗದು ನೀರು ನಿಂತ ಗದ್ದೆ. ಎಡಗೈಯಲ್ಲಿ ಇಲ್ಲದ ಪೈರಿನ ಕಟ್ಟು ಹಿಡಿದು, ನೆಲಕ್ಕೆ ಬೆರಳೂರಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುವಳು. ಕೆಲವು ದಿನ ನಡುವೆ ನಿಂತು ಅಳುವಳು. ಅಕ್ಕಪಕ್ಕದವರು 'ಪಾಗಲ್' ಎಂದು ಬಾಗಿಲು ಮುಚ್ಚಿಕೊಂಡರು. ಮೊಮ್ಮಗಳು ಹರಿಣಿ ಮಾತ್ರ ಹಿಂದೆ ನಿಂತಿದ್ದು, ಅಜ್ಜಿ ಗೋಡೆಗೆ ತಾಗುವ ಮೊದಲು ಹಿಂದಿ ಬೆರೆಸಿ ಸಾಕೆನ್ನುತ್ತಿದ್ದಳು.

"ಬಸ್ ಅಜ್ಜಿ, ದೀವಾರ್ ಬಂತು."

"ಬದು ಬಂತಾ ಮಗಾ?" ಎಂದು ಅಜ್ಜಿ ನಗುತ್ತಿದ್ದಳು.

ಒಮ್ಮೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವಾಗ ಇಬ್ಬರು ಸೇರಿ ಅವಳ ಹೆಗಲು ಮಂಡಿ ಅದುಮಿ ನೆಟ್ಟಗೆ ಮಲಗಿಸಿದರು. ಕಿರುಚಾಟ ಬೀದಿಗೂ ಕೇಳಿತು. ಮನೆಗೆ ಬಂದು ಮಗಳ ಕೈ ಹಿಡಿದಳು.

"ಇನ್ನೊಂದ್ಸಲ ಹಂಗೆ ಒತ್ತಿಸ್ಬ್ಯಾಡ ಕಣವ್ವ. ಮಾತು ಕೊಡು."

* * *

"ಮಾತು ಕೊಟ್ಟಿದ್ದೀನಿ ಮಾವ. ಹೀಗೇ ಕಟ್ಟು, ಇಲ್ಲಾ ಅಂದ್ರೆ ಅವ್ವನ್ನ ಎತ್ತೋಕೆ ಬಿಡಲ್ಲ."

ಚಂದ್ರಪ್ಪ ಹಗ್ಗ ಕೆಳಗಿಟ್ಟ. ಅಕ್ಕನ ಬೆನ್ನ ಮೇಲೆ ಅಂಗೈ ಇಟ್ಟ. ಕೈ ಗೂನಿನ ಮೇಲೆ ಮೆಲ್ಲಗೆ ಹತ್ತಿ ಇಳಿಯಿತು.

"ಇಷ್ಟು ಬಾಗಿತ್ತೇ..." ಎಂದ. ಆಮೇಲೆ ಗದರಿದ: "ನಿಂತು ನೋಡ್ತಿಯಲ್ಲ, ಒಂದು ದಿಂಬು ತಾ. ಬೆನ್ನಿಗೆ ಆಸರೆ ಬೇಡವಾ?"

ದೇವೀರಮ್ಮನನ್ನು ಮಗ್ಗುಲಾಗಿಯೇ ಕಟ್ಟಿದರು.

ಚಟ್ಟ ಲಿಫ್ಟಿನಲ್ಲಿ ಹಿಡಿಯಲಿಲ್ಲ. ಕಾರಿಡಾರಿನ ತುದಿಯ ಮೆಟ್ಟಿಲ ಕಡೆಗೆ ಹೊತ್ತರು. ಹೆಣದ ದಾರಿಗೆ ಚೆಲ್ಲಲು ಕೊಟ್ಟ ಪುರಿಯ ಪೊಟ್ಟಣವನ್ನು ಎಡಗೈಯಲ್ಲಿ ಅವುಚಿಕೊಂಡು ಹರಿಣಿ ಮುಂದೆ ಹೋದಳು. ಆದರೆ ಅಜ್ಜಿಗೆ ಬೆನ್ನು ತಿರುಗಿಸಲಿಲ್ಲ. ಹೊಳೆಯುವ ನೆಲಕ್ಕೆ ಬಗ್ಗಿ, ಚಿಟಿಕೆ ಚಿಟಿಕೆ ಪುರಿ ಇಡುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು.