ಹಗುರ ಕಲ್ಲು

ಗೂಟಕ್ಕೆ ಕೈ ಹಾಕಿದ್ದೇ ತಡ, ಇಡೀ ಬೀಸುಕಲ್ಲು ಕರೆವ್ವನ ಕೈಗೆ ಎದ್ದು ಬಂತು. ಅವಳು ಗಾಬರಿಯಾಗಿ ಬಿಟ್ಟುಬಿಟ್ಟಳು. ಕಲ್ಲು ವೇದಿಕೆಯ ಹಲಗೆಯ ಮೇಲೆ ಸಪ್ಪಳವಿಲ್ಲದೆ ಬಿದ್ದು, ಪುಟಿದು, ಎದುರಿಗೆ ಕೂತಿದ್ದ ಜನ್ನತಬಿಯ ಮಡಿಲಿಗೆ ಹೋಗಿ ನಿಂತಿತು.

“ಇದೇನಕ್ಕಾ ಇದು?” ಎಂದಳು ಜನ್ನತಬಿ, ಕೂಸನ್ನು ಹಿಡಿದಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

“ಕಲ್ಲಲ್ಲ. ರೇಡಿಯೋ ಡಬ್ಬಿಯೊಳಗ ಒತ್ತಿಟ್ಟಿರ್ತಾರಲ್ಲ, ಬೆಳ್ಳನ್ನ ಬೆಂಡು, ಅದು. ಮ್ಯಾಲ ಕರೇ ಬಣ್ಣ ಹೊಡದಾರ ನೋಡು.”

ಕ್ಯಾಮೆರಾದ ಹಿಂದಿನಿಂದ ಟೀವಿ ಸಾಹೇಬರು ಮುಂದೆ ಬಂದರು. ಬೆಂಗಳೂರಿನವರು, ಕನ್ನಡಕದ ಹುಡುಗ ಸಾಹೇಬರು, ಮಾತು ಮಾತ್ರ ಬಹಳ ಮೆದು. “ಪರವಾಗಿಲ್ಲಮ್ಮ, ಟೀವಿಯಲ್ಲಿ ಕಲ್ಲಿನ ಹಾಗೇ ಕಾಣುತ್ತೆ. ನೀವು ಸುಮ್ಮನೆ ತಿರುಗಿಸ್ತಾ ಹಾಡಿ, ಸಾಕು.”

ಸುಮ್ಮನೆ ತಿರುಗಿಸುವುದು ಎಂದರೇನೋ ಕರೆವ್ವನಿಗೆ ತಿಳಿಯಲಿಲ್ಲ. ಬರಿಗಲ್ಲು ತಿರುವಿದರೆ ಮನೆಯ ಕಾಳು ತೀರುತ್ತದೆಂದು ಅವಳ ಅತ್ತೆ ಮದುವೆಯಾದ ಹೊಸದರಲ್ಲೇ ಕೈ ಹಿಡಿದು ಹೇಳಿದ್ದಳು. ಅದಕ್ಕೇ ಸವಣೂರಿನಿಂದ ಹೊರಡುವಾಗ ಸೆರಗಿನ ತುದಿಗೆ ಒಂದು ಹಿಡಿ ಜೋಳ ಕಟ್ಟಿಕೊಂಡು ಬಂದಿದ್ದಳು. ಗಂಟು ಬಿಚ್ಚಿ ಬೆಂಡಿನ ಕಲ್ಲಿನ ಬಾಯಿಗೆ ಸುರಿದಳು. ಅದಕ್ಕೆ ಬಾಯಿಯೇ ಇರಲಿಲ್ಲ, ಬಾಯಿಯ ಜಾಗದಲ್ಲಿ ಬಣ್ಣದ ಗುಂಡಗಿನ ಗುರುತಿತ್ತು. ಜೋಳವೆಲ್ಲ ಉರುಳಿ ವೇದಿಕೆಯ ತುಂಬ ಹರಡಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಶಿಗ್ಗಾಂವಿಯ ಜನ ಹೋ ಎಂದು ನಕ್ಕರು. ಜನ್ನತಬಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ಮೊದಲಿನಿಂದಲೂ ಹಾಗೇ, ನಗಬಾರದ ಕಡೆಯೇ ಅವಳಿಗೆ ನಗು ಬರುವುದು.

ನಗುವವರು ನಗಲಿ. ಕರೆವ್ವನ ಕಣ್ಣು ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಮೂರುಗಾಲಿ ಸೈಕಲ್ಲಿನ ಮೇಲಿತ್ತು. ಕಾಲಿಲ್ಲದವರು ಕೈಯಿಂದ ತಿರುವಿಕೊಂಡು ಹೋಗುವ ಹೊಸ ಸೈಕಲ್ಲು. ಜನ್ನತಬಿಯ ಮಗಳು ಮುನವ್ವರಾಳಿಗೆ ಅದನ್ನು ಕೊಡುತ್ತೇವೆಂದು ಕಾರ್ಯಕ್ರಮದ ಸಮಿತಿಯವರು ಹೇಳಿದ್ದಕ್ಕೇ ಈ ಇಬ್ಬರೂ ಇಲ್ಲಿಗೆ ಬಂದು ಕೂತದ್ದು.

ಎಪ್ಪತ್ತನೆಯ ಇಸವಿಯ ಆಚೀಚಿನ ದಿನಗಳಲ್ಲಿ, ಸವಣೂರಿನ ಎಲೆತೋಟದ ಓಣಿಯಲ್ಲಿ ಮಸೀದಿಯ ಬಾಂಗಿಗೂ ಮುಂಚೆ ಕೇಳುತ್ತಿದ್ದದ್ದು ಕರೆವ್ವನ ಬೀಸುಕಲ್ಲು. ಜನ್ನತಬಿಯ ಮನೆಯಲ್ಲಿ ಕಲ್ಲಿರಲಿಲ್ಲ. ಅವಳು ಬುಟ್ಟಿಯಲ್ಲಿ ಜೋಳ ಹೊತ್ತು ಬಂದು ಎದುರಿಗೆ ಕಾಲು ಚಾಚಿ ಕೂರುತ್ತಿದ್ದಳು. ಒಂದೇ ಗೂಟದ ಮೇಲೆ ಇಬ್ಬರ ಕೈ. ಮೊದಲು ಯಾರ ಮನೆಯ ಜೋಳ, ಆಮೇಲೆ ಯಾರದು ಎಂಬ ಲೆಕ್ಕವನ್ನು ಅವರು ಯಾವತ್ತೂ ಮಾಡಿದವರಲ್ಲ. ಕರೆವ್ವ ಪದ ಎತ್ತುವುದು, ಜನ್ನತಬಿ ಬಾಲ ಹಿಡಿಯುವುದು. ಒಬ್ಬಳ ಉಸಿರು ಸಾಲದೆ ಹೋದರೆ ಇನ್ನೊಬ್ಬಳು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಕಾಳು ತೀರುವ ತನಕ ಪದ ನಿಲ್ಲಬಾರದು.

ಹಟ್ಟಿ ಬೆಳಗೂದರೊಳಗ ಹಿಟ್ಟಾಗ ನನ ಜ್ವಾಳ
ತೊಟ್ಟಿಲ ಕೂಸು ಎದ್ದೀತ – ನನ ಕಲ್ಲ
ರೊಟ್ಟಿ ಬೇಡ್ಯಾರ ಮನಿಮಂದಿ

ಆ ಕೂಸು ಮುನವ್ವರಾ. ತಾಯಿಯ ತೊಡೆಯ ಮೇಲೆ ಮಲಗಿ ಕಲ್ಲಿನ ಗುಂಯ್ ಎನ್ನುವ ಸದ್ದಿಗೆ ನಿದ್ದೆ ಹೋಗುತ್ತಿತ್ತು, ಕಲ್ಲು ನಿಂತರೆ ಎದ್ದು ಅಳುತ್ತಿತ್ತು. ಆಮೇಲೊಂದು ಮಳೆಗಾಲದಲ್ಲಿ ಜ್ವರ ಬಂತು. ಜ್ವರ ಬಿಟ್ಟಿತು, ಕಾಲಿನ ಶಕ್ತಿಯನ್ನೂ ಒಯ್ದಿತು. ಆಮೇಲೆ ಬಜಾರಿನಲ್ಲಿ ಹಿಟ್ಟಿನ ಗಿರಣಿ ಬಂತು. ಗಿರಣಿ ಕೆಟ್ಟದ್ದೆಂದು ಹೇಳುವಂತಿಲ್ಲ. ಇಬ್ಬರ ಭುಜದ ನೋವೂ ಹೋಯಿತು, ಬೆಳಗಿನ ನಿದ್ದೆಯೂ ಸಿಕ್ಕಿತು. ಆದರೆ ಕಲ್ಲು ಹಿತ್ತಲಿಗೆ ಹೋಯಿತು, ಅದರ ಮೇಲೆ ಕೋಳಿ ಕೂತವು, ಪದಗಳೂ ಅದರ ಸಂಗಡವೇ ಹಿತ್ತಲಿಗೆ ಹೋದವು. ಇಬ್ಬರೂ ವೀಳ್ಯದೆಲೆ ವ್ಯಾಪಾರಿ ಇಸ್ಮಾಯಿಲಸಾಬರ ವಖಾರಿಯಲ್ಲಿ ಎಲೆ ಕಟ್ಟುವ ಕೆಲಸಕ್ಕೆ ಹೋಗತೊಡಗಿದರು. ದಿನವೂ ಪಕ್ಕಪಕ್ಕದಲ್ಲೇ ಕೂರುತ್ತಿದ್ದರು. ಹಾಡುತ್ತಿರಲಿಲ್ಲ.

ಮುನವ್ವರಾ ಏಳನೆಯ ಇಯತ್ತೆ ಪಾಸಾದಳು. ಹತ್ತಿರದ ಸಾಲೆಗೆ ಅಷ್ಟು ವರ್ಷ ತಾಯಿ ಹೊತ್ತೊಯ್ದಿದ್ದಳು. ಹೈಸ್ಕೂಲು ಊರಿನ ಆ ತುದಿಗಿತ್ತು, ಹುಡುಗಿ ಬೆಳೆದಿದ್ದಳು, ಜನ್ನತಬಿಯ ಸೊಂಟ ಸೋತಿತ್ತು. “ಇನ್ನ ಸಾಕಕ್ಕಾ, ಎಲಿ ಕಟ್ಟೂದು ಕಲೀಲಿ” ಎಂದಿದ್ದಳು. ಆ ಮಾತು ಕರೆವ್ವನಿಗೆ ಒಪ್ಪಲಿಲ್ಲ. ಸಿಕ್ಕ ಕಾಗದದ ಚೂರನ್ನೆಲ್ಲ ಎತ್ತಿ ಓದುವ ಹುಡುಗಿ ಅದು.

ಅಂಥ ಹೊತ್ತಿನಲ್ಲಿ ಸಮಿತಿಯ ಅಧ್ಯಕ್ಷ ಚಂದ್ರಪ್ಪ ಮೋಟರಿನಲ್ಲಿ ಬಂದಿಳಿದ. ಅಂಗವಿಕಲ ಮಕ್ಕಳ ಸಹಾಯಕ್ಕೆ ಶಿಗ್ಗಾಂವಿಯಲ್ಲಿ ‘ತಾರಾ ಸಂಜೆ’, ಸಿನಿಮಾದ ನಾಯಕರು ಬರುತ್ತಾರೆ, ಟೀವಿಯವರು ಬರುತ್ತಾರೆ, ಜೊತೆಗೆ ಹಾಡಿನ ಸ್ಪರ್ಧೆ. “ಹಳೇ ಬೀಸೂ ಪದ ಬೇಕಂತರಿ ಟೀವಿಯವ್ರಿಗೆ. ನೀವಿಬ್ರೂ ಬರ್ರಿ. ಈ ಹುಡುಗಿಗೆ ಒಂದು ಸೈಕಲ್ಲ ನಾ ಕೊಡಸ್ತೇನಿ” ಎಂದಿದ್ದ.

ಶಿಗ್ಗಾಂವಿಗೆ ಬಂದಿಳಿದಾಗ, ಸ್ಪರ್ಧೆಯ ಬಂಡವಾಳವನ್ನು ಮೊದಲು ಬಯಲು ಮಾಡಿದವಳು ಮುನವ್ವರಾ. ಅವಳನ್ನು ವೇದಿಕೆಯ ಹಿಂದೆ, ಬಹುಮಾನಗಳನ್ನಿಟ್ಟ ಮೇಜಿನ ಪಕ್ಕ ಕೂರಿಸಿದ್ದರು. ಕಣ್ಣಿಗೆ ಬಿದ್ದದ್ದನ್ನು ಓದದೆ ಬಿಡುವವಳಲ್ಲ.

“ದೊಡ್ಡವ್ವಾ, ಮೊದಲನೇ ಬಹುಮಾನದ ಕಪ್ಪಿನ ಮ್ಯಾಲ ಈಗಾಗಲೇ ಹೆಸರು ಕೆತ್ಯಾರ.”

“ಯಾರದವ್ವ?”

“ಚಂದ್ರಪ್ಪನವ್ರ ತಂಗಿ ಮಗಳದು.”

ಆ ತಂಗಿಯ ಮಗಳು ಇನ್ನೂ ಕನ್ನಡಿಯ ಮುಂದೆ ಮಲ್ಲಿಗೆ ಮುಡಿಯುತ್ತಿದ್ದಳು. ಹಾಡಲು ಅವಳ ಪಾಳಿ ಬರುವುದು ಬಹಳ ದೂರವಿತ್ತು.

“ಇರ್ಲಿ ಬಿಡು” ಎಂದಳು ಕರೆವ್ವ. “ನಾವು ಆ ಕಪ್ಪು ಒಯ್ದು ಏನ ಮಾಡೂದೈತಿ, ಉಪ್ಪು ಹಾಕಿಡಬೇಕು ಅಷ್ಟ. ನಮಗ ಸೈಕಲ್ಲ ಸಿಕ್ಕರ ಸಾಕು.”

ಆದರೆ ಸೈಕಲ್ಲಿಗಾಗಿ ಹಾಡಬೇಕೆಂದರೂ ಹಾಡು ಬರಬೇಕಲ್ಲ. ಜೋಳ ಚೆಲ್ಲಿದ ಮೇಲೆ ಬೆಂಡಿನ ಕಲ್ಲನ್ನು ಹಲಗೆಗೆ ಮೊಳೆ ಹೊಡೆದು ಕೂರಿಸಿದರು. ಇಬ್ಬರೂ ತಿರುವಿದರು. ಕೈಗೆ ಭಾರವಿಲ್ಲ, ಕಿವಿಗೆ ಸದ್ದಿಲ್ಲ. ಕರೆವ್ವ “ಹಟ್ಟಿ ಬೆಳಗೂದರೊಳಗ” ಎಂದು ಎತ್ತಿದಳು, ಧ್ವನಿ ಎಲ್ಲೋ ಮೇಲೆ ಹೋಗಿ ಸಿಕ್ಕಿಕೊಂಡಿತು. ಇಳಿಸಿ ಎತ್ತಿದಳು, ಜನ್ನತಬಿಗೆ ಬಾಲ ಸಿಗಲಿಲ್ಲ. ಎಷ್ಟೋ ವರ್ಷ ಬಾಯಲ್ಲಿದ್ದ ಪದ ಹೀಗೆ ಕೈ ಕೊಟ್ಟೀತೆಂದು ಕರೆವ್ವ ಕನಸಿನಲ್ಲೂ ಎಣಿಸಿರಲಿಲ್ಲ.

“ಹೋಗಲಿ ಬಿಡಿ” ಎಂದರು ಟೀವಿ ಸಾಹೇಬರು, ಗಡಿಯಾರ ನೋಡಿಕೊಳ್ಳುತ್ತ. “ನೀವು ಪದ ಹೇಳೋ ಹಾಗೆ ಬಾಯಿ ಆಡಿಸಿ. ಧ್ವನಿ ನಾವು ಬೆಂಗಳೂರಲ್ಲಿ ಸೇರಿಸ್ಕೋತೀವಿ.”

ಇಬ್ಬರೂ ಬಾಯಿ ಆಡಿಸಿದರು. ತಂಗಿಯ ಮಗಳು ಸಿನಿಮಾ ಹಾಡು ಹಾಡಿ ತನ್ನ ಹೆಸರಿನ ಕಪ್ಪನ್ನು ತಾನು ಒಯ್ದಳು. ಸಿನಿಮಾದ ನಾಯಕರು ಬಂದು, ನಿಮ್ಮ ಮನೆಯ ಮಕ್ಕಳೆಂದು ತಿಳಿದು ಕೈಲಾದದ್ದು ಕೊಡಿ ಎಂದು ಕೈಮುಗಿದು ಕೇಳಿಕೊಂಡರು. ಹೆಣ್ಣುಮಕ್ಕಳು ಸೊಂಟದ ಚೀಲ ಬಿಚ್ಚಿ ವೇದಿಕೆಯ ಮುಂದಿಟ್ಟ ಕಾಣಿಕೆಯ ಹಂಡೆಗೆ ಹಾಕಿದರು. ಕರೆವ್ವನೂ ಬಸ್ಸಿನ ಚಾರ್ಜು ಬಿಟ್ಟು ಉಳಿದದ್ದನ್ನು ಹಾಕಿದಳು.

ಆಮೇಲೆ ಮುನವ್ವರಾಳ ಹೆಸರು ಕರೆದರು.

ನಾಯಕರು ಅವಳನ್ನು ತಾವೇ ಎತ್ತಿ ಸೈಕಲ್ಲಿನಲ್ಲಿ ಕೂರಿಸಿದರು. ಅಷ್ಟರಲ್ಲಿ ಜನ್ನತಬಿ ಮುಂದೆ ಬಂದು, “ಸ್ವಲ್ಪ ತಡೀರಿ ಸಾಹೇಬ್ರ” ಎಂದಳು. ಹೊಸ ಗಾಡಿ, ಹಾಗೇ ಓಡಿಸುವುದುಂಟೇ? ದರ್ಗಾದಿಂದ ತಂದಿಟ್ಟುಕೊಂಡಿದ್ದ ಹಸಿರು ದಾರವನ್ನು ಹಿಡಿಕೆಗೆ ಸುತ್ತಿದಳು. ಕರೆವ್ವ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ಜನ್ನತಬಿ ಎಡಗೈಯವಳು. ಎಲೆ ಕಟ್ಟಿ ಕಟ್ಟಿ ರೂಢಿಯಾದ ಗಂಟನ್ನೇ ದಾರಕ್ಕೂ ಹಾಕಿದಳು: ಎಲ್ಲರದೂ ಬಲಕ್ಕೆ ಬಂದರೆ ಅವಳ ಕುಣಿಕೆ ಎಡಕ್ಕೆ ಬಂದು, ಎರಡು ತುದಿ ಬೆಕ್ಕಿನ ಕಿವಿಯಂತೆ ಮೇಲೆ ನಿಲ್ಲುತ್ತಿತ್ತು.

“ಭಾವೈಕ್ಯ! ಭಾವೈಕ್ಯ!” ಎಂದು ಟೀವಿ ಸಾಹೇಬರು ಕುಣಿದಾಡಿದರು. “ಆ ಕೈಗಳನ್ನು ಹತ್ತಿರದಿಂದ ತಗೊಳ್ರೀ!”

ಮುನವ್ವರಾ ಹಿಡಿಕೆ ತಿರುವಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಬೀಸುಕಲ್ಲು ತಿರುವಿದ ಹಾಗೇ ತಿರುವಿದಳು, ಸೈಕಲ್ಲು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ವೇದಿಕೆಯ ಸುತ್ತ ಹೊರಟಿತು. ಹುಟ್ಟಿದ ಮೇಲೆ ಮೊದಲ ಸಲ ಆ ಹುಡುಗಿ ತಾಯಿಯಿಂದ ದೂರ ತಾನಾಗಿಯೇ ಹೋಗುತ್ತಿದ್ದಳು. ಜನ್ನತಬಿ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟವಿತ್ತು. ಕರೆವ್ವ ಮಾತ್ರ ಬಾಯಿ ಬಿಟ್ಟೇ ಅತ್ತಳು.

ದೀಪ ಆರಿದ ಮೇಲೆ, ವೇದಿಕೆಯ ಹಿಂದೆ, ಸಮಿತಿಯ ಆಳೊಬ್ಬ ಮುನವ್ವರಾಳನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಿ ಸೈಕಲ್ಲನ್ನು ಟೆಂಪೋಕ್ಕೆ ಏರಿಸಿದ.

“ಇದು ಬರೇ ತೋರ್ಸಾಕ ತಂದದ್ದರಿ” ಎಂದ ಚಂದ್ರಪ್ಪ. “ನಿಮ್ಮದು ಬೆಂಗಳೂರಿಂದ ಬರತೈತಿ. ಸಾಲಿ ಸುರು ಆಗೂದರಾಗ ಮನೀ ಮುಂದ ಇರತೈತಿ.”

“ದಾರ ಕಟ್ಟೇವಲ್ರಿ ಅದಕ್ಕ” ಎಂದಳು ಕರೆವ್ವ.

“ಅದಕ್ಕೇನವ್ವ, ನಿಮ್ಮದು ಬಂದ ಮ್ಯಾಲ ಇನ್ನೊಂದ ಕಟ್ಟೀರಂತ.”

ಅವರು ನಂಬಿದರು. ದೊಡ್ಡ ಮನುಷ್ಯರು ಅಷ್ಟು ಜನರೆದುರು ಕೊಟ್ಟದ್ದು, ಬರದೆ ಎಲ್ಲಿಗೆ ಹೋದೀತು? ಮರಳುವಾಗ ಬಸ್ಸಿನಲ್ಲಿ ಮುನವ್ವರಾ ನಿದ್ದೆಗಣ್ಣಿನಲ್ಲೂ ಗಾಳಿಯಲ್ಲಿ ಕೈ ತಿರುವುತ್ತಿದ್ದಳು. ಕರೆವ್ವನ ಗಂಡ ಗಿರಿಯಪ್ಪ ಮಾತು ಕಡಿಮೆಯ ಮನುಷ್ಯ. ತೋಟದ ಕೆಲಸ ಮುಗಿಸಿ ಬಂದು, ಜನ್ನತಬಿಯ ಹೊಸ್ತಿಲಿಗೆ ಕಲ್ಲುಮಣ್ಣು ಬಡಿದು ಸೈಕಲ್ಲು ಏರುವಂತೆ ಇಳಿಜಾರು ಮಾಡಿಕೊಟ್ಟ. ಸೆಗಣಿ ಬಳಿದರು. ಮಳೆಗಾಲ ಹಿಡಿದು ಮಿರುಗಿನ ಮಳೆ ಬಂತು. ಸಾಲೆ ಸುರುವಾಯಿತು. ಇಳಿಜಾರಿನ ಮೇಲೆ ಕೋಳಿಮರಿಗಳು ಏರಿಳಿದವು.

ಕಾರ್ಯಕ್ರಮ ಟೀವಿಯಲ್ಲಿ ಬರುವ ಭಾನುವಾರ, ಓಣಿಗೆ ಓಣಿಯೇ ಇಸ್ಮಾಯಿಲಸಾಬರ ಪಡಸಾಲೆಯಲ್ಲಿ ನೆರೆಯಿತು. ಎಲೆ ವ್ಯಾಪಾರಿಯ ಮನೆಯ ಕಪ್ಪು-ಬಿಳುಪಿನ ಟೀವಿ, ಮಾಳಿಗೆಯ ಮೇಲೆ ಬಿದಿರಿಗೆ ಕಟ್ಟಿದ ಆಂಟೆನಾ. ಕರೆವ್ವ ಮತ್ತು ಜನ್ನತಬಿಯನ್ನು ಮುಂದೆಯೇ ಕೂರಿಸಿದರು.

ಬಂದರು. ಪೆಟ್ಟಿಗೆಯೊಳಗೆ ಕರೆವ್ವ ಬಾಯಿ ತೆರೆದಳು. ಬಂದದ್ದು ಬೇರೆಯೇ ಧ್ವನಿ. ಜೇನಿನಂಥ ಎಳೆಯ ಧ್ವನಿ, ಹಿಂದೆ ಪಿಟೀಲು, ಕೊಳಲು. ಪದವೂ ಅವರದಲ್ಲ. ಕರೆವ್ವ ತನಗೆ ಗೊತ್ತಿಲ್ಲದೆಯೇ ಗಂಟಲಿನ ಮೇಲೆ ಕೈ ಇಟ್ಟುಕೊಂಡಳು.

“ಯವ್ವಾ, ಇಷ್ಟ ಚಂದ ಹಾಡ್ತಿದ್ದೇನಬೇ ನೀ?” ಎಂದಳು ಪಕ್ಕದ ಮನೆಯ ಗುತ್ತೆವ್ವ. “ನಮ್ಮ ಮುಂದ ಒಂದಿನಾನೂ ಹಿಂಗ ಹಾಡಲಿಲ್ಲ ನೋಡು!”

ಎಷ್ಟು ಬೆಳಗು ಈ ಗುತ್ತೆವ್ವ ಕರೆವ್ವನ ನಿಜವಾದ ಧ್ವನಿಗೆ ಎದ್ದು ಕಸ ಗುಡಿಸಿದ್ದಳೋ, ಅದು ಅವಳಿಗೇ ಮರೆತಿತ್ತು.

ಮುನವ್ವರಾ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸೈಕಲ್ಲು ಒಂದು ಸುತ್ತು ಬಂತು. ಅಷ್ಟರಲ್ಲಿ ವೇದಿಕೆ ಬದಲಾಯಿತು, ಮುಂದಿನ ವಾರ ತೋರಿಸುವ ಹಿರೇಕೆರೂರಿನ ತಾರಾ ಸಂಜೆಯ ತುಣುಕು ಎಂದು ಹೇಳಿದರು. ಅದೇ ನಾಯಕರು ಬೇರೆ ಅಂಗಿಯಲ್ಲಿ ಬಂದು ತೆಳ್ಳನೆಯ ಒಬ್ಬ ಹುಡುಗನನ್ನು ಎತ್ತಿ ಮೂರುಗಾಲಿ ಸೈಕಲ್ಲಿನಲ್ಲಿ ಕೂರಿಸಿದರು. ಹುಡುಗ ಹಿಡಿಕೆಗೆ ಕೈ ಇಟ್ಟ. ಕ್ಯಾಮೆರಾ ಕೈಗಳ ಹತ್ತಿರ ಹೋಯಿತು.

ಮೊದಲು ಕಂಡವರು ಇಸ್ಮಾಯಿಲಸಾಬರು. ಎಲೆಯ ಕಟ್ಟು ನೋಡಿ ಯಾರು ಕಟ್ಟಿದ್ದೆಂದು ಹೇಳುತ್ತಿದ್ದ ಮನುಷ್ಯ.

“ಏ ಜನ್ನತಬಿ, ಇದು ನಿನ್ನ ಗಂಟಲ್ಲೇನವ್ವ?”

ಹಿಡಿಕೆಯ ಮೇಲೆ ದಾರವಿತ್ತು. ಹಸಿರು ಕಪ್ಪಾಗಿ ಕಾಣುತ್ತಿತ್ತು, ಆದರೆ ಕುಣಿಕೆ ಎಡಕ್ಕಿತ್ತು, ತುದಿಗಳೆರಡೂ ಮೇಲೆ ನಿಂತಿದ್ದವು. ಅದನ್ನು ಬಿಚ್ಚುವ ಕಷ್ಟವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಪಡಸಾಲೆಯಲ್ಲಿ ಚಪ್ಪಾಳೆ ನಿಂತಿತು. ಪೆಟ್ಟಿಗೆಯೊಳಗಿನ ಜನ ಮಾತ್ರ ಚಪ್ಪಾಳೆ ತಟ್ಟುತ್ತಲೇ ಇದ್ದರು. ಇನ್ನೊಂದು ಸೈಕಲ್ಲು ಎಲ್ಲಿಂದಲೂ ಬರುವುದಿಲ್ಲ ಎಂಬುದು ಯಾರೂ ಹೇಳದೆಯೇ ಎಲ್ಲರಿಗೂ ತಿಳಿಯಿತು.

ಆ ಹುಡುಗ ನಗುತ್ತ ವೇದಿಕೆಯ ಸುತ್ತ ಹೊರಟಿದ್ದ. ಮುನವ್ವರಾ ಅವನನ್ನೇ ನೋಡುತ್ತಿದ್ದಳು.

“ಅವನ್ನೂ ಇಳಿಸಿದ್ರೇನ ದೊಡ್ಡವ್ವಾ?” ಎಂದು ಕೇಳಿದಳು.

ಕರೆವ್ವನಿಗೆ ಚಂದ್ರಪ್ಪನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೇ ಬಂದ ಸಿಟ್ಟು ದೊಡ್ಡದಿತ್ತು: ಬೆಂಡಿನ ಕಲ್ಲು ಕೈಗೆ ಎದ್ದು ಬಂದಾಗಲೇ ತಿಳಿಯಬಾರದಿತ್ತೇ?

ಮರುದಿನ ಸೋಮವಾರ. ಜನ್ನತಬಿ ಮಗಳಿಗೆ ಎಲೆ ಕಟ್ಟುವುದನ್ನು ತೋರಿಸಿಕೊಡಲೆಂದು ಒಂದು ಹಿಡಿ ಬಾಳೆನಾರು ನೆನೆಹಾಕಿದ್ದಳು. ಹೊರಗೆ ಕರೆವ್ವ ಬಂದು ಇಳಿಜಾರಿನ ಮೇಲೆ ಬೆನ್ನು ತಿರುಗಿಸಿ ಕುಕ್ಕರಗಾಲಿನಲ್ಲಿ ಕೂತಳು.

“ಏರವ್ವ” ಎಂದಳು.

“ಎಲ್ಲಿಗೆ ದೊಡ್ಡವ್ವಾ?”

“ಹೈಸ್ಕೂಲಿಗೆ.”

“ಅಕ್ಕಾ, ನಿನಗೇನರ ಹುಚ್ಚೇನು?” ಎಂದು ಜನ್ನತಬಿ ಹೊರಗೆ ಬಂದಳು. “ಎಷ್ಟು ದೂರ ಐತಿ! ದಿನಾ ಯಾರು ಹೊರಾವ್ರು?”

“ನೀ ಪಾಟೀಚೀಲ ಹಿಡಕೊಂಡು ಹಿಂದ ಬಾ. ವಖಾರಿಗೆ ತಡ ಆದ್ರ ಆಗವಲ್ದ್ಯಾಕ.”

“ನಾ ಭಾಳ ಭಾರ ಅದೇನಿ” ಎಂದಳು ಮುನವ್ವರಾ.

“ಇರಬೇಕವ್ವ” ಎಂದಳು ಕರೆವ್ವ. “ಏರು.”

ನಿಜಕ್ಕೂ ಭಾರವಿದ್ದಳು. ಓಣಿ ದಾಟುವಷ್ಟರಲ್ಲಿ ಕರೆವ್ವನ ಮೈ ಮುಂದಕ್ಕೆ ಬಾಗಿತು, ಒಂದು ಹೆಜ್ಜೆಗೆ ಉಸಿರು ಒಳಗೆ, ಒಂದು ಹೆಜ್ಜೆಗೆ ಹೊರಗೆ. ರಾತ್ರಿಯ ಮಳೆಗೆ ರಸ್ತೆ ಹಸಿಯಾಗಿತ್ತು. ದೊಡ್ಡಹುಣಸೆ ಮಠದ ತಿರುವಿಗೆ ಬಂದಾಗ, ಭುಜದಲ್ಲಿ ಆ ಹಳೆಯ ನೋವು ಎದ್ದಿತು. ಅದರ ಬೆನ್ನಿಗೇ ಯಾರೂ ಕರೆಯದೆ ಪದ ಬಂತು.

“ಹಟ್ಟಿ ಬೆಳಗೂದರೊಳಗ ಹಿಟ್ಟಾಗ ನನ ಜ್ವಾಳ...”

ಹಿಂದೆ ಪಾಟೀಚೀಲದ ಸಪ್ಪಳ ಒಂದು ಕ್ಷಣ ನಿಂತಿತು. ಆಮೇಲೆ ಜನ್ನತಬಿಯ ಒಡಕು ಧ್ವನಿ ಬಾಲ ಹಿಡಿದು ಬಂತು. “ತೊಟ್ಟಿಲ ಕೂಸು ಎದ್ದೀತ, ನನ ಕಲ್ಲ...” ಅಂಗಡಿ ತೆರೆಯುತ್ತಿದ್ದವರು ಕೀಲಿ ಹಿಡಿದುಕೊಂಡೇ ತಿರುಗಿ ನೋಡಿದರು.

ಮುಂದೆ ಏರು ಇತ್ತು. ಮೂರನೆಯ ಸಾಲಿಗೆ ಕರೆವ್ವನಲ್ಲಿ ಉಸಿರು ಉಳಿಯಲಿಲ್ಲ. ಅವಳು ಬಾಯಿ ತೆರೆದು ಹಾಗೇ ನಡೆದಳು. ಅವಳ ಕಿವಿಯ ಹತ್ತಿರ, ಬೆನ್ನ ಮೇಲಿನಿಂದ, ಮುನವ್ವರಾ ಆ ಸಾಲನ್ನು ಎತ್ತಿಕೊಂಡಳು.